ಕೆನಡಿ ಕುಳಿತಿದ್ದ ಕಾರು

ಅಮೆರಿಕದ ಡೆಟ್ರಾಯಿಟ್ ನಗರಕ್ಕೆ ತಾಗಿಕೊಂಡಂತೆ ಡಿಯರ್‌ಬಾರ್ನ್ ಎಂಬ ಊರಿದೆ. ಮೋಟಾರು ಉದ್ಯಮಿ ಹೆನ್ರಿ ಫೋರ್ಡ್ ಕಟ್ಟಿಸಿದ ವಸ್ತುಸಂಗ್ರಹಾಲಯ ಇರುವುದು ಇಲ್ಲಿಯೇ. ಅದರ ಒಂದು ಭಾಗದಲ್ಲಿ ಅಮೆರಿಕದ ಅಧ್ಯಕ್ಷರು ಓಡಾಡಿದ ವಾಹನಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಥಿಯೋಡರ್ ರೂಸ್‌ವೆಲ್ಟ್ ಕಾಲದ ಕುದುರೆ ಗಾಡಿಯಿಂದ ಸಾಲು ಶುರುವಾಗುತ್ತದೆ. ಆ ಸಾಲಿನಲ್ಲಿ ಒಂದು ಕಪ್ಪು ಕಾರು ಇದೆ. ಬಹಳ ಉದ್ದ, ಬಹಳ ಭಾರ, ಮೇಲೆ ಭದ್ರವಾದ ಛಾವಣಿ, ದಪ್ಪ ದಪ್ಪ ಗಾಜುಗಳು. ಪಕ್ಕದ ಫಲಕ ಓದಿದವರು ಒಂದು ಕ್ಷಣ ಗಲಿಬಿಲಿಗೊಳ್ಳುತ್ತಾರೆ. 1963ರ ನವೆಂಬರ್ 22ರಂದು ಡಾಲಸ್ ನಗರದಲ್ಲಿ ಅಧ್ಯಕ್ಷ ಜಾನ್ ಕೆನಡಿ ಅವರಿಗೆ ಗುಂಡು ತಗುಲಿದಾಗ ಅವರು ಕುಳಿತಿದ್ದ ಕಾರು ಇದು.

ಗಲಿಬಿಲಿ ಸಹಜವೇ. ಆ ದಿನದ ಚಿತ್ರಗಳನ್ನು ನೋಡದವರು ಕಡಿಮೆ. ಚಿತ್ರಗಳಲ್ಲಿ ಇರುವುದು ತೆರೆದ ಕಾರು. ಬಣ್ಣ ಕಡು ನೀಲಿ. ಇಲ್ಲಿ ನಿಂತಿರುವುದು ಮುಚ್ಚಿದ ಕಾರು, ಬಣ್ಣ ಕಪ್ಪು. ಹಾಗಾದರೆ ಇದು ಅದೇ ಕಾರು ಹೌದೋ ಅಲ್ಲವೋ? ಹೌದು, ಅದೇ ಕಾರು. ಆದರೆ ಆ ದಿನದ ರೂಪದಲ್ಲಿ ಅದನ್ನು ಯಾರೂ ಉಳಿಸಲಿಲ್ಲ; ಆಮೇಲೆ ಯಾರೂ ಆ ರೂಪಕ್ಕೆ ಮರಳಿ ತರಲೂ ಇಲ್ಲ. ಈ ಎರಡು ‘ಇಲ್ಲ’ಗಳ ನಡುವೆ ಕಾರಿನ ಕಥೆ ಇದೆ.

ಕಾರಿನ ಹೆಸರು ಲಿಂಕನ್ ಕಾಂಟಿನೆಂಟಲ್. ಲಿಂಕನ್ ಎಂಬುದು ಅಮೆರಿಕದ ಸಿರಿವಂತರ ಕಾರುಗಳಲ್ಲಿ ಒಂದು. 1917ರಲ್ಲಿ ಹೆನ್ರಿ ಲೇಲೆಂಡ್ ಎಂಬ ವೃದ್ಧ ಎಂಜಿನಿಯರ್ ಈ ಕಂಪನಿಯನ್ನು ಆರಂಭಿಸಿ, ತಮ್ಮ ಮೆಚ್ಚಿನ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಹೆಸರನ್ನೇ ಇಟ್ಟರು. 1922ರಲ್ಲಿ ಫೋರ್ಡ್ ಕಂಪನಿ ಅದನ್ನು ಕೊಂಡುಕೊಂಡಿತು. 1961ರಲ್ಲಿ ಬಂದ ಕಾಂಟಿನೆಂಟಲ್ ಮಾದರಿ ಹೆಚ್ಚು ಅಲಂಕಾರವಿಲ್ಲದ, ನೇರ ಗೆರೆಗಳ ಕಾರು. ಅದರ ಹಿಂದಿನ ಕೆಲವು ವರ್ಷ ಅಮೆರಿಕದ ಕಾರುಗಳಿಗೆ ಮೀನಿನ ಈಜುರೆಕ್ಕೆಯಂಥ ಬಾಲ ಅಂಟಿಸುವ ಹುಚ್ಚು ಹಿಡಿದಿತ್ತು. ಅದನ್ನು ನೋಡಿ ಬೇಸತ್ತ ಕಣ್ಣಿಗೆ ಈ ಕಾರು ತಂಪಾಗಿ ಕಂಡಿತು. ಅಂಗಡಿಯಲ್ಲಿ ಅದರ ಬೆಲೆ ಸುಮಾರು 7 ಸಾವಿರ ಡಾಲರು.

ಅಧ್ಯಕ್ಷರಿಗಾಗಿ ಆರಿಸಿದ ಕಾರನ್ನು ಮಾತ್ರ ಒಹಾಯೊ ರಾಜ್ಯದ ಸಿನ್ಸಿನಾಟಿ ನಗರಕ್ಕೆ ಕಳಿಸಿದರು. ಅಲ್ಲಿ ಹೆಸ್ ಅಂಡ್ ಐಸೆನ್‌ಹಾರ್ಟ್ ಎಂಬ ಕಂಪನಿ ವಿಶೇಷ ವಾಹನಗಳ ಮೈ ಕಟ್ಟುವುದರಲ್ಲಿ ಹೆಸರಾಗಿತ್ತು. ಕೆಲಸಗಾರರು ಹೊಚ್ಚಹೊಸ ಕಾರನ್ನು ನಡುವೆ ಕತ್ತರಿಸಿ ಎರಡು ತುಂಡು ಮಾಡಿದರು! ನಡುವೆ ಹೊಸ ಭಾಗ ಸೇರಿಸಿ ಒಟ್ಟು ಮೂರೂವರೆ ಅಡಿ ಉದ್ದ ಮಾಡಿದರು. ಹೇಳಲು ಸುಲಭ, ಮಾಡಲು ಕಷ್ಟ. ಯಾಕೆಂದು ತಿಳಿಯಬೇಕಾದರೆ ಮನೆಯಲ್ಲಿರುವ ಹೊಸ ಚಪ್ಪಲಿಯ ರಟ್ಟಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಬೇಕು. ಮುಚ್ಚಳ ಅಂಟಿಸಿದ್ದರೆ ಡಬ್ಬಿ ಸುಲಭಕ್ಕೆ ಬಗ್ಗುವುದಿಲ್ಲ. ಮುಚ್ಚಳ ತೆಗೆದರೆ ಸುಮ್ಮನೆ ತಿರುಚಿಕೊಳ್ಳುತ್ತದೆ. ಕಾರಿನ ಛಾವಣಿ ಈ ಮುಚ್ಚಳವಿದ್ದಂತೆ. ಛಾವಣಿಯಿಲ್ಲದ ಕಾರಿಗೆ ಮೊದಲೇ ಬಿಗಿ ಕಡಿಮೆ. ಅದನ್ನು ಉದ್ದ ಮಾಡಿದರೆ ಇನ್ನೂ ಕಡಿಮೆ. ಹಳ್ಳಕೊಳ್ಳದಲ್ಲಿ ಹೋದಾಗ ಬಾಗಿಲುಗಳೇ ಸಿಕ್ಕಿಕೊಳ್ಳಬಹುದು. ಆದ್ದರಿಂದ ತಳಭಾಗವನ್ನು ಉಕ್ಕಿನಿಂದ ಬಲಪಡಿಸಬೇಕಾಯಿತು. ತೂಕ ಏರಿತು. ಕೆಲಸ ಮುಗಿಯುವ ಹೊತ್ತಿಗೆ 7 ಸಾವಿರ ಡಾಲರಿನ ಕಾರಿಗೆ ತಗುಲಿದ ವೆಚ್ಚ ಸುಮಾರು 2 ಲಕ್ಷ ಡಾಲರು.

1961ರ ಜೂನ್ ತಿಂಗಳಲ್ಲಿ ಕಾರು ಶ್ವೇತಭವನಕ್ಕೆ ಬಂತು. ರಕ್ಷಣಾ ಸಿಬ್ಬಂದಿ ಅದಕ್ಕಿಟ್ಟ ಗುಟ್ಟಿನ ಹೆಸರು ಎಕ್ಸ್-100. ಹಿಂದಿನ ಸೀಟನ್ನು ಒಂದು ಗುಂಡಿ ಒತ್ತಿ ಹತ್ತೂವರೆ ಅಂಗುಲದಷ್ಟು ಮೇಲೆತ್ತಬಹುದಾಗಿತ್ತು. ರಸ್ತೆಯ ಎರಡೂ ಬದಿಯ ಜನಕ್ಕೆ ಅಧ್ಯಕ್ಷರು ಕಾಣಬೇಕಲ್ಲ! ಅಂಗರಕ್ಷಕರು ನಿಲ್ಲಲು ಮೆಟ್ಟಿಲು, ಹಿಡಿದುಕೊಳ್ಳಲು ಹಿಡಿಕೆ, ನಡುವೆ ಅತಿಥಿಗಳಿಗೆ ಮಡಚುವ ಸೀಟು, ಮಾತಾಡಲು ರೇಡಿಯೋ ಫೋನು. ಮಳೆ ಬಂದರೆ ಹೊದಿಸಲು ಪಾರದರ್ಶಕ ಪ್ಲಾಸ್ಟಿಕ್ಕಿನ ಬಿಡಿ ಛಾವಣಿ. ಆ ಪ್ಲಾಸ್ಟಿಕ್ ಮಳೆ ತಡೆಯುತ್ತಿತ್ತೇ ಹೊರತು ಗುಂಡು ತಡೆಯುತ್ತಿರಲಿಲ್ಲ. ಇಡೀ ಕಾರಿಗೆ ಎಲ್ಲಿಯೂ ಗುಂಡು ತಡೆಯುವ ಕವಚ ಇರಲಿಲ್ಲ ಎಂಬುದು ಇಂದು ಆಶ್ಚರ್ಯವೆನಿಸುತ್ತದೆ. ಅದು ಜನರಿಗೆ ಅಧ್ಯಕ್ಷರನ್ನು ತೋರಿಸಲು ಮಾಡಿದ ಕಾರು. ಅಡಗಿಸಲು ಮಾಡಿದ್ದಲ್ಲ.

ಮಾಲೀಕರು ಯಾರು ಎಂಬ ಪ್ರಶ್ನೆಗೂ ಉತ್ತರ ವಿಚಿತ್ರವಾಗಿದೆ. ಕೆನಡಿ ಅಲ್ಲ, ಅಮೆರಿಕ ಸರ್ಕಾರವೂ ಅಲ್ಲ. ಕಾರು ಫೋರ್ಡ್ ಕಂಪನಿಯದು. ಸರ್ಕಾರ ಅದನ್ನು ಬಾಡಿಗೆಗೆ ಪಡೆದಿತ್ತು. ಬಾಡಿಗೆ ವರ್ಷಕ್ಕೆ 500 ಡಾಲರು. ಜಗತ್ತಿನ ಅತ್ಯಂತ ಬಲಾಢ್ಯ ವ್ಯಕ್ತಿ ಬಾಡಿಗೆ ಕಾರಿನಲ್ಲಿ ಓಡಾಡುತ್ತಿದ್ದರು ಎಂದರೆ ತಪ್ಪಿಲ್ಲ. ಕಂಪನಿಗೆ ಇದರಿಂದ ನಷ್ಟವೇನೂ ಇರಲಿಲ್ಲವೆನ್ನಿ. ಪತ್ರಿಕೆಗಳಲ್ಲಿ ದಿನವೂ ಬರುವ ಫೋಟೋಗಿಂತ ದೊಡ್ಡ ಜಾಹೀರಾತು ಬೇರೆ ಯಾವುದಿದೆ? 1963ರ ಜೂನ್‌ನಲ್ಲಿ ಬರ್ಲಿನ್ ನಗರದಲ್ಲಿ ಲಕ್ಷಾಂತರ ಜನರ ನಡುವೆ ಕೆನಡಿ ನಿಂತು ಕೈಬೀಸುತ್ತ ಸಾಗಿದ್ದು ಇದೇ ಕಾರಿನಲ್ಲಿ.

ಅದಾಗಿ ಐದು ತಿಂಗಳಿಗೆ ಡಾಲಸ್. ಬೆಳಗ್ಗೆ ಮಳೆ ಹನಿದಿತ್ತು. ಆಮೇಲೆ ಬಿಸಿಲು ಬಂತು. ಮಳೆ ನಿಂತದ್ದರಿಂದ ಪ್ಲಾಸ್ಟಿಕ್ ಛಾವಣಿಯನ್ನು ಹಾಕಲಿಲ್ಲ. ಹಿಂದಿನ ಸೀಟಿನಲ್ಲಿ ಕೆನಡಿ ದಂಪತಿ, ಮಡಚುವ ಸೀಟಿನಲ್ಲಿ ಟೆಕ್ಸಾಸ್ ರಾಜ್ಯಪಾಲ ಕಾನಲಿ ಮತ್ತು ಅವರ ಪತ್ನಿ, ಮುಂದೆ ಇಬ್ಬರು ರಕ್ಷಣಾ ಸಿಬ್ಬಂದಿ. ಮಧ್ಯಾಹ್ನ ಹನ್ನೆರಡೂವರೆಗೆ ಗುಂಡಿನ ಶಬ್ದ ಕೇಳಿಸಿತು. ಮುಂದಿನದು ಲೋಕಕ್ಕೆಲ್ಲ ತಿಳಿದದ್ದೇ.

ಲೋಕ ಅಷ್ಟಾಗಿ ಗಮನಿಸದಿದ್ದುದು ಕಾರನ್ನು. ಅಂದೇ ಸಂಜೆ ಅದನ್ನು ಸರಕು ವಿಮಾನಕ್ಕೆ ಏರಿಸಿ ವಾಷಿಂಗ್ಟನ್‌ಗೆ ತಂದು, ಶ್ವೇತಭವನದ ಗ್ಯಾರೇಜಿನಲ್ಲಿ ಕಾವಲಿನಲ್ಲಿಟ್ಟರು. ರಾತ್ರಿಯೇ ಎಫ್‌ಬಿಐ ತಜ್ಞರು ಬಂದು ಪರೀಕ್ಷೆ ಮಾಡಿದರು. ಮುಂದಿನ ಸೀಟಿನ ಬಳಿ ಗುಂಡಿನ ಚೂರುಗಳು ಸಿಕ್ಕವು. ಮುಂದಿನ ಗಾಜಿನಲ್ಲಿ ಒಂದು ಒಡಕು ಕಂಡಿತು. ಈ ಒಡಕಿನ ವಿಷಯ ಪ್ರೌಢಶಾಲೆಯ ವಿದ್ಯಾರ್ಥಿಗಳು ಕುಳಿತು ಯೋಚಿಸಬೇಕಾದಂಥದ್ದು. ಏಟು ಒಳಗಿನಿಂದ ಬಿತ್ತೋ ಹೊರಗಿನಿಂದ ಬಿತ್ತೋ? ಹೊರಗಿನಿಂದ ಬಿದ್ದಿದ್ದರೆ ಎದುರುಗಡೆಯೂ ಒಬ್ಬ ಬಂದೂಕುಧಾರಿ ಇದ್ದ ಎಂದಾಗುತ್ತಿತ್ತು. ಇಡೀ ತನಿಖೆಯ ದಿಕ್ಕೇ ಬದಲಾಗುತ್ತಿತ್ತು.

ಕಾರಿನ ಮುಂದಿನ ಗಾಜು ಒಂದೇ ಗಾಜಲ್ಲ. ಎರಡು ತೆಳು ಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ಪೊರೆ ಇಟ್ಟು ಅಂಟಿಸಿದ ಹಲ್ಲೆ ಅದು. ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್ ಎಂಬುವರು 20ನೇ ಶತಮಾನದ ಮೊದಲ ದಶಕದಲ್ಲಿ ಇದನ್ನು ಕಂಡುಹಿಡಿದರು. ಒಡೆದರೂ ಚೂರುಗಳು ಪೊರೆಗೆ ಅಂಟಿಕೊಂಡು ಉಳಿಯುತ್ತವೆ, ಮುಖಕ್ಕೆ ಸಿಡಿಯುವುದಿಲ್ಲ. ಈಗ ಗಾಜಿನ ಸ್ವಭಾವ ನೋಡಿ. ಗಾಜನ್ನು ಎಷ್ಟು ಒತ್ತಿದರೂ ತಡೆದುಕೊಳ್ಳುತ್ತದೆ, ಎಳೆದರೆ ಮಾತ್ರ ತಡೆದುಕೊಳ್ಳುವುದಿಲ್ಲ. ಒಂದು ಬದಿಯಿಂದ ಏಟು ಬಿದ್ದಾಗ ಗಾಜು ಅತ್ತ ಕಡೆಗೆ ತುಸು ಬಾಗುತ್ತದೆ. ಬಾಗಿದಾಗ ಏಟು ಬಿದ್ದ ಬದಿ ಕುಗ್ಗುತ್ತದೆ, ಎದುರು ಬದಿ ಹಿಗ್ಗುತ್ತದೆ. ಹಿಗ್ಗಿದ ಬದಿಯೇ ಮೊದಲು ಸೀಳುವುದು. ಹಸಿ ಕಡ್ಡಿಯನ್ನು ಮೊಣಕಾಲಿಗೆ ಆನಿಸಿ ಮುರಿಯುವಾಗಲೂ ಹೊರಬಾಗಿನ ಕಡೆಯೇ ಮೊದಲು ಬಾಯಿಬಿಡುವುದನ್ನು ಎಲ್ಲರೂ ನೋಡಿದ್ದಾರೆ. ತಜ್ಞರು ಕಂಡದ್ದು ಇದನ್ನೇ. ಒಡಕು ಇದ್ದದ್ದು ಗಾಜಿನ ಹೊರಪದರದಲ್ಲಿ. ಸೀಸದ ತೆಳುವಾದ ಗುರುತು ಹತ್ತಿದ್ದದ್ದು ಒಳಮೈಗೆ. ಅಂದರೆ ಏಟು ಒಳಗಿನಿಂದ, ಹಿಂದಿನ ದಿಕ್ಕಿನಿಂದ ಬಂದಿತ್ತು. ಗುಂಡಿನ ಚೂರಿಗೆ ಅಷ್ಟು ಹೊತ್ತಿಗೆ ಶಕ್ತಿ ಉಡುಗಿದ್ದರಿಂದ ಅದು ಗಾಜನ್ನು ತೂರಿಕೊಂಡು ಹೋಗಲಿಲ್ಲ. ಆ ಗಾಜನ್ನು ಕಾರಿನಿಂದ ಬಿಚ್ಚಿ ಸಾಕ್ಷ್ಯವಾಗಿ ಇಟ್ಟುಕೊಂಡರು. ಅದು ಅಮೆರಿಕದ ರಾಷ್ಟ್ರೀಯ ದಾಖಲೆಗಳ ಸಂಗ್ರಹಕ್ಕೆ ಸೇರಿತು.

ಗಾಜು ಉಳಿಯಿತು. ಕಾರು?

ಹೊಸ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ಗುಂಡು ತಡೆಯುವ ಕಾರು ತುರ್ತಾಗಿ ಬೇಕಾಗಿತ್ತು. ಅಂಥದ್ದು ಶ್ವೇತಭವನದಲ್ಲಿ ಒಂದೂ ಇರಲಿಲ್ಲ. ಹೊಸದನ್ನು ಮೊದಲಿನಿಂದ ಕಟ್ಟಲು ಕಾಲ ಬೇಕು. ಇರುವ ಕಾರನ್ನೇ ಬದಲಿಸಿದರೆ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಹತ್ಯೆಯಾಗಿ ತಿಂಗಳು ಕಳೆಯುವುದರೊಳಗೆ ತೀರ್ಮಾನ ಆಗಿಹೋಯಿತು. ಕೆಲಸಕ್ಕೆ ‘ಕ್ವಿಕ್ ಫಿಕ್ಸ್’ ಎಂಬ ಹೆಸರೂ ಬಿತ್ತು. ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಹೇಳುವುದಾದರೆ ‘ಬೇಗ ರಿಪೇರಿ’. ಕಾರು ಮತ್ತೆ ಸಿನ್ಸಿನಾಟಿಗೆ, ಅದನ್ನು ಮೊದಲು ಕತ್ತರಿಸಿದ ಕೈಗಳಿಗೇ ಹೋಯಿತು.

ಒಳಗಿನದನ್ನೆಲ್ಲ ಕಿತ್ತು ಹೊಸದು ಹಾಕಿದರು. ತೆರೆದ ಕಾರಿಗೆ ತೆಗೆಯಲಾಗದ ಛಾವಣಿ ಬಂತು. ಸುತ್ತಲೂ ಹಲವು ಪದರಗಳ ಗುಂಡು ನಿರೋಧಕ ಗಾಜು, ಹಿಂಭಾಗಕ್ಕೆ ಟೈಟೇನಿಯಂ ಲೋಹದ ಕವಚ, ಸ್ಫೋಟ ತಡೆಯುವ ಪೆಟ್ರೋಲ್ ಟ್ಯಾಂಕು, ಗಾಳಿ ಹೋದರೂ ಓಡಬಲ್ಲ ಚಕ್ರಗಳು. ಗಾಜು ಇಳಿಸಲಾಗದ ಕಾರಿನೊಳಗೆ ಬೇಯಬಾರದೆಂದು ಇನ್ನೊಂದು ಹವಾನಿಯಂತ್ರಣ ಯಂತ್ರ. ಮೊದಲ ಸಲ ಕಟ್ಟಲು ತಗುಲಿದ್ದು 2 ಲಕ್ಷ ಡಾಲರಾದರೆ, ಈ ‘ಬೇಗ ರಿಪೇರಿ’ಗೆ ಆದ ಖರ್ಚು 5 ಲಕ್ಷ ಡಾಲರಿಗೂ ಹೆಚ್ಚು.

ಇಷ್ಟೆಲ್ಲ ಹೇರಿದ ಮೇಲೆ ತೂಕ? ಮೊದಲು ಸುಮಾರು 3,540 ಕಿಲೋಗ್ರಾಂ ಇದ್ದದ್ದು ಸುಮಾರು 4,450 ಕಿಲೋಗ್ರಾಮಿಗೆ ಏರಿತು. ಹೆಚ್ಚಾದ ಭಾರ 910 ಕಿಲೋ. ಒಂದು ಮಾರುತಿ 800 ಕಾರು, ಅದರೊಳಗೆ ನಾಲ್ಕು ಜನ, ಇಷ್ಟನ್ನೂ ತಲೆಯ ಮೇಲೆ ಹೊತ್ತುಕೊಂಡ ಹಾಗೆ. ಅದಕ್ಕಾಗಿ ಹೊಸ ಎಂಜಿನ್ ಕೂರಿಸಿದರು. ಹಳೆಯದಕ್ಕಿಂತ ಅದರ ಸಾಮರ್ಥ್ಯ ಶೇಕಡ 17ರಷ್ಟು ಹೆಚ್ಚು. ಭಾರ ಏರಿದ್ದು ಶೇಕಡ 26ರಷ್ಟು. 117ನ್ನು 126ರಿಂದ ಭಾಗಿಸಿದರೆ 0.93 ಬರುತ್ತದೆ. ಹೊಸ ಎಂಜಿನ್ ಹಾಕಿದ ಮೇಲೂ ಪ್ರತಿ ಕಿಲೋ ಭಾರಕ್ಕೆ ಸಿಗುವ ಸಾಮರ್ಥ್ಯ ಮೊದಲಿಗಿಂತ ಶೇಕಡ 7ರಷ್ಟು ಕಡಿಮೆಯೇ ಆಯಿತು. ರಕ್ಷಣೆ ಬೇಕೆಂದರೆ ಚುರುಕು ಬಿಟ್ಟುಕೊಡಬೇಕು. ಆಮೆಗೂ ಮೊಲಕ್ಕೂ ಇರುವ ವ್ಯತ್ಯಾಸವೂ ಇದೇ ತಾನೆ.

ಕಾರನ್ನು ಮೊದಲಿನಂತೆಯೇ ಕಡು ನೀಲಿ ಬಣ್ಣ ಬಳಿದು ಸಿದ್ಧಮಾಡಿದ್ದರು. ಆ ನೀಲಿ ಡಾಲಸ್ಸನ್ನು ನೆನಪಿಗೆ ತರುತ್ತದೆ ಎಂದು ಜಾನ್ಸನ್ ಒಪ್ಪಲಿಲ್ಲ. ಕಪ್ಪು ಬಳಿಸಿದರು. ಇಂದು ಕಾಣುವ ಕಪ್ಪು ಅಲ್ಲಿಂದ ಬಂದದ್ದು.

ಇಲ್ಲಿಯವರೆಗೆ ಎಲ್ಲವೂ ಸರಿಯೇ. ಹಣ ಉಳಿಸುವ, ಕಾಲ ಉಳಿಸುವ, ಜೀವ ಉಳಿಸುವ ಕೆಲಸವನ್ನು ತಪ್ಪೆನ್ನಲಾಗದು. ಆದರೆ ಕೆನಡಿ ಹತ್ಯೆಯ ತನಿಖೆ ಇನ್ನೂ ಮುಗಿದಿರಲಿಲ್ಲ. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಅವರ ಆಯೋಗ ವರದಿ ಒಪ್ಪಿಸಿದ್ದು 1964ರ ಸೆಪ್ಟೆಂಬರಿನಲ್ಲಿ. ಅದೇ ವರ್ಷದ ಮೇ 24ರಂದು ತನಿಖಾಧಿಕಾರಿಗಳು ಡಾಲಸ್‌ನ ಅದೇ ರಸ್ತೆಯಲ್ಲಿ ಘಟನೆಯನ್ನು ಮತ್ತೊಮ್ಮೆ ನಡೆಸಿ ನೋಡಬೇಕೆಂದು ಹೊರಟರು. ಆರನೆಯ ಮಹಡಿಯ ಕಿಟಕಿಯಿಂದ ಗುಂಡು ಹಾರಿದ್ದರೆ ಅದು ಯಾವ ಕೋನದಲ್ಲಿ ಬಂದಿರಬೇಕು? ಕೆನಡಿಯವರಿಗೆ ತಗುಲಿದ ಗುಂಡು ಅವರ ಮುಂದೆ ಕುಳಿತಿದ್ದ ಕಾನಲಿಯವರಿಗೂ ತಗುಲಬಹುದಿತ್ತೇ? ಅಳತೆ ಮಾಡಲು ಜನ ಸಿದ್ಧ, ಉಪಕರಣ ಸಿದ್ಧ, ರಸ್ತೆ ಸಿದ್ಧ. ಕಾರು ಮಾತ್ರ ಇಲ್ಲ! ಅದು ಬಿಚ್ಚಿಹಾಕಿದ ಸ್ಥಿತಿಯಲ್ಲಿತ್ತು.

ಅದರ ಬದಲು ರಕ್ಷಣಾ ಸಿಬ್ಬಂದಿಯ ಹಳೆಯ ಕ್ಯಾಡಿಲಾಕ್ ಕಾರನ್ನು ತಂದರು. ಡಾಲಸ್‌ನಲ್ಲಿ ಅಧ್ಯಕ್ಷರ ಕಾರಿನ ಹಿಂದೆಯೇ ಬರುತ್ತಿದ್ದ ಕಾರು ಅದು. ಅದರಲ್ಲಿ ಇಬ್ಬರನ್ನು ಕೆನಡಿ ಮತ್ತು ಕಾನಲಿ ಕುಳಿತಿದ್ದಂತೆ ಕೂರಿಸಿದರು. ಒಬ್ಬ ಪ್ರೇಕ್ಷಕರು ಅಂದು ತೆಗೆದಿದ್ದ 8 ಮಿಲಿಮೀಟರ್ ಚಲನಚಿತ್ರದ ಒಂದೊಂದೇ ಚೌಕಟ್ಟನ್ನು ಹಿಡಿದು, ಚಿತ್ರದಲ್ಲಿ ಕಂಡ ಜಾಗಕ್ಕೆ ಸರಿಯಾಗಿ ಕಾರನ್ನು ಇಂಚಿಂಚೇ ಸರಿಸಿದರು. ಆ ಕ್ಯಾಮೆರಾ ಸೆಕೆಂಡಿಗೆ ಸರಾಸರಿ 18.3 ಚಿತ್ರ ತೆಗೆಯುತ್ತಿತ್ತೆಂದು ಪರೀಕ್ಷೆಯಿಂದ ತಿಳಿದಿತ್ತು. ಹೀಗಾಗಿ ಆ ಫಿಲ್ಮು ಚಿತ್ರವೂ ಆಯಿತು, ಗಡಿಯಾರವೂ ಆಯಿತು. ತೊಡಕು ಬಂದದ್ದು ಸೀಟಿನ ಎತ್ತರದಲ್ಲಿ. ಕ್ಯಾಡಿಲಾಕಿನಲ್ಲಿ ಕುಳಿತವರು ಲಿಂಕನ್ ಕಾರಿನಲ್ಲಿ ಕುಳಿತವರಿಗಿಂತ 10 ಅಂಗುಲ ಮೇಲಿರುತ್ತಿದ್ದರು. ಆ 10 ಅಂಗುಲವನ್ನು ಪ್ರತಿ ಲೆಕ್ಕದಲ್ಲೂ ಕಳೆಯಬೇಕಾಯಿತು. ರಸ್ತೆಯ ಇಳಿಜಾರನ್ನೂ ಕಳೆದು ಕೊನೆಗೆ ಅವರು ಹೇಳಿದ ಸರಾಸರಿ ಕೋನ 17 ಡಿಗ್ರಿ 43 ಮಿನಿಟು 30 ಸೆಕೆಂಡು.

ಉತ್ತರ ತಪ್ಪೆಂದು ಇದರ ಅರ್ಥವಲ್ಲ. ತಿಳಿದಿರುವ ವ್ಯತ್ಯಾಸವನ್ನು ಕೂಡಿ ಕಳೆದು ಸರಿಪಡಿಸುವುದು ವಿಜ್ಞಾನದಲ್ಲಿ ದಿನನಿತ್ಯದ ಕೆಲಸ. ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದ ಹುಡುಗನೂ ಶೂನ್ಯ ದೋಷವನ್ನು ಕಳೆದೇ ಉತ್ತರ ಬರೆಯುತ್ತಾನೆ. ಕೋನವನ್ನು ಸೆಕೆಂಡಿನವರೆಗೆ ಬರೆದಿದ್ದರೂ ಹಿಂದೆ ಕಾರಿನ ಜಾಗದ, ಮೈ ವಾಲಿದ ರೀತಿಯ ಅಂದಾಜುಗಳಿದ್ದವು ಎಂಬುದನ್ನು ಮಾತ್ರ ಮರೆಯಬಾರದು. ಅಸಲು ಕಾರು ಆ ದಿನ ಅಲ್ಲಿ ಇದ್ದಿದ್ದರೆ ಒಂದು ಅಂದಾಜಾದರೂ ಕಡಿಮೆಯಾಗುತ್ತಿತ್ತು. ಅಮೆರಿಕದಲ್ಲಿ ಈ ಹತ್ಯೆಯ ಬಗ್ಗೆ ಎದ್ದ ಸಂಶಯಗಳು ಅರವತ್ತು ವರ್ಷ ಕಳೆದರೂ ತಣ್ಣಗಾಗಿಲ್ಲ. ಕಾರನ್ನು ಅಷ್ಟು ಅವಸರದಲ್ಲಿ ಬಿಚ್ಚಿದ್ದು ಯಾಕೆ ಎಂಬುದು ಸಂಶಯಪಡುವವರ ಪಟ್ಟಿಯಲ್ಲಿ ತಪ್ಪದೆ ಬರುವ ಪ್ರಶ್ನೆ. ಒಂದೇ ಒಂದು ವರ್ಷ ಕಾರನ್ನು ಬೀಗ ಹಾಕಿ ಇಟ್ಟಿದ್ದರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಐದು ಲಕ್ಷ ಡಾಲರು ಖರ್ಚು ಮಾಡಲು ಹಿಂಜರಿಯದವರು ಆ ಒಂದು ವರ್ಷವನ್ನು ಕೊಡಲಿಲ್ಲ ಎಂಬುದೇ ಖೇದ.

ಹೊಸ ರೂಪದ ಕಾರು ಮತ್ತೆ ಕೆಲಸಕ್ಕೆ ಇಳಿಯಿತು. ಒಂದಲ್ಲ ಎರಡಲ್ಲ, 1977ರವರೆಗೆ ಓಡಿತು. ಅದರಲ್ಲಿ ಕುಳಿತವರ ಹೆಸರು ನೋಡಿದರೆ ಯಾರೋ ಬೇಕೆಂದೇ ಆರಿಸಿದಂತಿದೆ. ಜಾನ್ಸನ್ ಡಾಲಸ್‌ನ ಮೆರವಣಿಗೆಯಲ್ಲಿ ಇದೇ ಕಾರಿನಿಂದ ಎರಡು ಕಾರು ಹಿಂದೆ ಇದ್ದವರು. ಗುಂಡಿನ ಶಬ್ದವನ್ನು ಸ್ವತಃ ಕೇಳಿದವರು. ಅವರ ನಂತರ ಬಂದ ರಿಚರ್ಡ್ ನಿಕ್ಸನ್ ಬೇರೊಂದು ಕೆಲಸಕ್ಕಾಗಿ ಡಾಲಸ್‌ಗೆ ಹೋಗಿದ್ದು, ಹತ್ಯೆಯಾದ ದಿನದ ಬೆಳಗ್ಗೆಯಷ್ಟೇ ಅಲ್ಲಿಂದ ವಿಮಾನ ಹತ್ತಿದ್ದವರು. ಜೆರಾಲ್ಡ್ ಫೋರ್ಡ್ ಅವರಂತೂ ವಾರನ್ ಆಯೋಗದ ಸದಸ್ಯರೇ ಆಗಿದ್ದರು. ತಾವು ತಿಂಗಳುಗಟ್ಟಲೆ ಯಾವ ಘಟನೆಯ ಕಡತ ಓದಿದ್ದರೋ ಆ ಘಟನೆಯ ಕಾರಿನಲ್ಲೇ ಹತ್ತು ವರ್ಷಗಳ ನಂತರ ಅಧ್ಯಕ್ಷರಾಗಿ ಕುಳಿತರು. (ಈ ಫೋರ್ಡ್ ಅವರಿಗೂ ಕಾರಿನ ಫೋರ್ಡ್ ಕುಟುಂಬಕ್ಕೂ ಸಂಬಂಧವಿಲ್ಲ.) ಕೊನೆಯದಾಗಿ ಕೆಲವು ದಿನ ಜಿಮ್ಮಿ ಕಾರ್ಟರ್. ಆ ಸೀಟಿನಲ್ಲಿ ಒರಗಿದಾಗ ಅವರ ಮನಸ್ಸಿನಲ್ಲಿ ಏನು ಹಾದುಹೋಗುತ್ತಿತ್ತೋ.

ಒಬ್ಬೊಬ್ಬರ ಕಾಲದಲ್ಲೂ ಕಾರಿಗೆ ಒಂದೊಂದು ಗುರುತು ಬಿತ್ತು. ಮುಚ್ಚಿದ ಪೆಟ್ಟಿಗೆಯಲ್ಲಿ ಕುಳಿತು ಜನರ ಕಡೆ ಕೈಬೀಸುವುದು ಯಾವ ರಾಜಕಾರಣಿಗೆ ಇಷ್ಟ? ನಿಕ್ಸನ್ ಕಾಲದಲ್ಲಿ ಛಾವಣಿಯ ಗಾಜನ್ನು ಕಡಿಮೆ ಮಾಡಿ, ಎದ್ದು ನಿಂತು ಕೈಬೀಸಲು ಅನುಕೂಲವಾಗುವಂತೆ ತೆರೆಯುವ ಮುಚ್ಚಳ ಇಟ್ಟರು. ಗುಂಡು ತಡೆಯಲೆಂದು ಲಕ್ಷಾಂತರ ಡಾಲರು ಸುರಿದು ಮುಚ್ಚಿದ ಛಾವಣಿಗೆ ಮತ್ತೆ ಬಾಯಿ ತೆರೆದದ್ದು ಮನುಷ್ಯ ಸ್ವಭಾವಕ್ಕೆ ಒಳ್ಳೆಯ ಉದಾಹರಣೆ.

1978ರಲ್ಲಿ ಕಾರು ಡಿಯರ್‌ಬಾರ್ನ್ ಸಂಗ್ರಹಾಲಯಕ್ಕೆ ಬಂತು. ಆಗ ಸಂಗ್ರಹಾಲಯದವರ ಮುಂದೆ ಒಂದು ಆಯ್ಕೆ ಇತ್ತು. ಛಾವಣಿ ಕಿತ್ತು, ಕಪ್ಪು ಕೆರೆದು, ನೀಲಿ ಬಳಿದು, 1963ರ ಕಾರಿನಂತೆ ಮಾಡಬಹುದಿತ್ತು. ನೋಡಲು ಬರುವವರಿಗೆ ಬೇಕಾದದ್ದು ಅದೇ ಕಾರು. ಅವರು ಹಾಗೆ ಮಾಡಲಿಲ್ಲ. ಬಂದದ್ದು ಹೇಗಿತ್ತೋ ಹಾಗೆಯೇ ನಿಲ್ಲಿಸಿದರು.

ಇದು ಸರಿಯೇ? ಅದೇ ಸಂಗ್ರಹಾಲಯದಲ್ಲಿರುವ ಇನ್ನೆರಡು ವಸ್ತುಗಳನ್ನು ಜೊತೆಗಿಟ್ಟು ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ.

ಒಂದು, ಕೆಂಪು ಬಟ್ಟೆ ಹೊದಿಸಿದ ತೂಗುಕುರ್ಚಿ. 1865ರಲ್ಲಿ ವಾಷಿಂಗ್ಟನ್‌ನ ನಾಟಕಶಾಲೆಯಲ್ಲಿ ಅಬ್ರಹಾಂ ಲಿಂಕನ್ ಅವರಿಗೆ ಗುಂಡು ತಗುಲಿದಾಗ ಕುಳಿತಿದ್ದ ಕುರ್ಚಿ. ಅದರ ಬಟ್ಟೆ ಹರಿದಿದೆ, ಮಾಸಿದೆ, ಆದರೂ ಹೊಸ ಬಟ್ಟೆ ಹೊದಿಸಿಲ್ಲ. ತಲೆ ಆನಿಸುವ ಜಾಗದಲ್ಲಿ ಒಂದು ದೊಡ್ಡ ಕಪ್ಪು ಕಲೆ ಇದೆ. ನೋಡಿದವರೆಲ್ಲ ಅದು ಲಿಂಕನ್ನರ ರಕ್ತವೆಂದೇ ತಿಳಿಯುತ್ತಾರೆ. ಅಲ್ಲ. ಲಿಂಕನ್ ಬರುವುದಕ್ಕೂ ಮೊದಲು ನಾಟಕಶಾಲೆಯ ಜನ ಆ ಕುರ್ಚಿಯಲ್ಲಿ ಒರಗುತ್ತಿದ್ದಾಗ ಅವರ ತಲೆಗೂದಲಿನ ಎಣ್ಣೆ ಹತ್ತಿ ಆದ ಜಿಡ್ಡು ಅದು. ನಮ್ಮ ಮನೆಗಳಲ್ಲಿ ಅಜ್ಜಂದಿರ ಆರಾಮ ಕುರ್ಚಿಯ ಬಟ್ಟೆಯಲ್ಲೂ ಇಂಥದೇ ಕಲೆ ಇರುತ್ತದೆ. ಯಾರಾದರೂ ಅಚ್ಚುಕಟ್ಟುಗಾರರು ಆ ಬಟ್ಟೆಯನ್ನು ಬದಲಿಸಿದ್ದರೆ ಕಲೆ ಯಾವುದರದ್ದೆಂದು ಪರೀಕ್ಷಿಸುವ ದಾರಿಯೇ ಇರುತ್ತಿರಲಿಲ್ಲ.

ಇನ್ನೊಂದು, ಒಂದು ಬಸ್ಸು. 1955ರ ಡಿಸೆಂಬರ್ 1ರಂದು ಮಾಂಟ್‌ಗೊಮರಿ ಊರಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯರಿಗೆ ಸೀಟು ಬಿಟ್ಟುಕೊಡುವುದಿಲ್ಲ ಎಂದು ಕುಳಿತೇ ಇದ್ದ ಬಸ್ಸು. 1971ರಲ್ಲಿ ಅದನ್ನು ಗುಜರಿಯಂತೆ ಮಾರಿದ್ದರು. ಮೂವತ್ತು ವರ್ಷ ಒಂದು ಹೊಲದಲ್ಲಿ ನಿಂತು, ಮರಮುಟ್ಟು ಮತ್ತು ಸಾಮಾನು ತುಂಬುವ ಗುಡಾರವಾಗಿತ್ತು. ತುಕ್ಕು ಹಿಡಿದು, ಕಿಟಕಿಗಳು ಒಡೆದು, ಎಂಜಿನ್ ಕೂಡ ಇಲ್ಲದೆ ನಿಂತಿದ್ದ ಅದನ್ನು 2001ರಲ್ಲಿ ಸಂಗ್ರಹಾಲಯ 4 ಲಕ್ಷ 92 ಸಾವಿರ ಡಾಲರು ಕೊಟ್ಟು ಕೊಂಡಿತು. ಅದನ್ನು ಮಾತ್ರ ಪೂರ್ತಿಯಾಗಿ 1955ರ ರೂಪಕ್ಕೆ ತಂದರು. ಇಂದು ನೋಡಲು ಹೋದವರು ಒಳಗೆ ಹತ್ತಿ ಕೂರಬಹುದು.

ಬಸ್ಸಿಗೆ ಮಾಡಿದ್ದನ್ನು ಕಾರಿಗೆ ಏಕೆ ಮಾಡಬಾರದು? ಬಸ್ಸಿನ ಆ ಮೂವತ್ತು ವರ್ಷಗಳಲ್ಲಿ ನಡೆದದ್ದು ತುಕ್ಕು ಹಿಡಿಯುವುದೊಂದೇ. ಕಬ್ಬಿಣ, ನೀರು, ಆಮ್ಲಜನಕ ಸೇರಿ ಮಾಡಿದ ಹಾಳು ಅದು. ಅದನ್ನು ಕೆರೆದು ತೆಗೆದರೆ ಕಥೆಯೇನೂ ಕಳೆದುಹೋಗುವುದಿಲ್ಲ. ಕಾರಿನ ಹದಿನಾಲ್ಕು ವರ್ಷ ಹಾಗಲ್ಲ. ಆ ದಪ್ಪ ಗಾಜು ಒಂದು ದೇಶ ಹೆದರಿದ್ದಕ್ಕೆ ಸಾಕ್ಷಿ. ಕಪ್ಪು ಬಣ್ಣ ಒಬ್ಬ ಅಧ್ಯಕ್ಷರ ಸಂಕಟಕ್ಕೆ ಸಾಕ್ಷಿ. ತೆರೆದ ಛಾವಣಿ ಇನ್ನೊಬ್ಬರ ಆಸೆಗೆ ಸಾಕ್ಷಿ. ಅವನ್ನು ಕಿತ್ತರೆ 1963 ಮರಳಿ ಬರುವುದಿಲ್ಲ. ಅಂದಿನ ಸೀಟು, ಅಂದಿನ ಗಾಜು, ಅಂದಿನ ಎಂಜಿನ್ ಯಾವುದೂ ಕಾರಿನಲ್ಲಿ ಉಳಿದಿಲ್ಲ. ಹೊಸ ಚರ್ಮ, ಹೊಸ ಬಣ್ಣ ಹಾಕಿ ಮಾಡಿದ್ದು ನಾಟಕದ ವೇಷವಾಗುತ್ತಿತ್ತು. 1963ರದ್ದನ್ನು 1964ರಲ್ಲೇ ಕಳೆದುಕೊಂಡಾಗಿತ್ತು. ಉಳಿದದ್ದನ್ನೂ ಕಳೆದುಕೊಳ್ಳದಿರುವುದೇ ಜಾಣತನ.

ಪಕ್ಕದಲ್ಲೇ ನಿಂತಿರುವ 1972ರ ಮತ್ತೊಂದು ಲಿಂಕನ್ ಕಾರಿನ ವಿಷಯವನ್ನೂ ಹೇಳಿಬಿಡಬೇಕು. ಈ ಕಾರಿನಿಂದ ಕಲಿತ ಪಾಠಗಳನ್ನೆಲ್ಲ ಅಳವಡಿಸಿ, ಕವಚ ತೊಡಿಸಿ ಕಟ್ಟಿದ ಕಾರು ಅದು. 1981ರ ಮಾರ್ಚ್ 30ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಮೇಲೆ ಗುಂಡು ಹಾರಿದಾಗ, ನೇರವಾಗಿ ಬಂದ ಗುಂಡು ಯಾವುದೂ ಅವರಿಗೆ ತಾಗಲಿಲ್ಲ. ಒಂದು ಗುಂಡು ಆ ಕಾರಿನ ಗಟ್ಟಿ ಕವಚಕ್ಕೆ ಬಡಿದು, ಒಳಗೆ ಹೋಗಲಾಗದೆ ಪುಟಿದು, ಕಾರು ಹತ್ತುತ್ತಿದ್ದ ಅವರ ಎದೆಯ ಪಕ್ಕಕ್ಕೆ ಹೊಕ್ಕಿತು. ಗೋಡೆಗೆ ಎಸೆದ ಚೆಂಡು ಎಲ್ಲಿಗೆ ಹೋಗುತ್ತದೆಂದು ಮಕ್ಕಳಿಗೂ ಗೊತ್ತು. ಅವರು ಬದುಕಿಕೊಂಡರು.

ಇನ್ನು ಕೆನಡಿಯವರ ಕಾರಿನ ಕಳೆದುಹೋದ ಭಾಗಗಳಲ್ಲಿ ಒಂದು ಮಾತ್ರ ಅನಿರೀಕ್ಷಿತವಾಗಿ ಹೊರಬಂತು. ರಿಪೇರಿಯ ಹೊತ್ತಿನಲ್ಲಿ ಹಳೆಯ ನಂಬರ್ ಪ್ಲೇಟುಗಳನ್ನು ಬಿಚ್ಚಿ ಕಸಕ್ಕೆ ಹಾಕಿದ್ದರು. ಜಿಜಿ-300 ಎಂಬ ಸಂಖ್ಯೆಯ ಜೋಡಿ ತಗಡುಗಳು. ಆ ಕಾರ್ಖಾನೆಯ ಮಾಲೀಕರಲ್ಲೊಬ್ಬರು ಅವನ್ನು ಹೆಕ್ಕಿ ಮನೆಗೆ ಒಯ್ದು ಇಟ್ಟಿದ್ದರು. 2015ರ ನವೆಂಬರಿನಲ್ಲಿ ಅವು ಹರಾಜಿಗೆ ಬಂದಾಗ ಸಿಕ್ಕ ಬೆಲೆ 1 ಲಕ್ಷ ಡಾಲರು. ಅಷ್ಟು ಹಣದಲ್ಲಿ ಹಳೆಯ ಬಾಡಿಗೆಯ ದರಕ್ಕೆ ಇಡೀ ಕಾರನ್ನು 200 ವರ್ಷ ಇಟ್ಟುಕೊಳ್ಳಬಹುದಿತ್ತು.